ಊಟಕ್ಕೆ ಅರ್ಧ ತಾಸು ಮೊದಲು

ನಿಪ್ಪಾಣಿ
೨೮ ಜೂನ್ ೧೯೮೭

ಪ್ರೀತಿಯ ರಾಜಮತಿ ಅತ್ತೆಗೆ ಜಿನಮತಿಯ ನಮಸ್ಕಾರ.

ನೀನು ಕಟ್ಟಿಕೊಟ್ಟ ಚಪಾತಿ, ಶೇಂಗಾ ಚಟ್ನಿ ಅಂಕಲಿ ದಾಟುವುದರೊಳಗೇ ಖಾಲಿಯಾದವು. ಅಪ್ಪ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಿಪ್ಪಾಣಿಯಲ್ಲಿ ಇಳಿದ ಕೂಡಲೇ ನನಗೆ ಸೀನು ಹತ್ತಿತು. ಊರಿಗೆ ಊರೇ ತಂಬಾಕಿನ ವಾಸನೆ. ನನಗೆ ಖೋಲಿ ಕೊಟ್ಟಿರುವ ತುಳಸವ್ವ ನಗುತ್ತ, "ಎಂಟ ದಿನ ಸೀನತಿ, ಆಮ್ಯಾಲ ಮೂಗಿಗೂ ರೂಢಿ ಆಕ್ಕೈತಿ" ಅಂದಳು. ಒಳ್ಳೆಯ ಹೆಂಗಸು. ಅವಳ ಮನೆಯಲ್ಲಿ ನಾವು ನಾಲ್ಕು ಹುಡುಗಿಯರಿದ್ದೇವೆ, ಜೈನರವಳು ನಾನೊಬ್ಬಳೇ.

ಕಾಲೇಜಿನಲ್ಲಿ ನನ್ನದು ಎರಡು ವರ್ಷದ ಲ್ಯಾಬ್ ಟೆಕ್ನಿಶಿಯನ್ ಕೋರ್ಸು. ರಕ್ತ, ಮೂತ್ರ, ಕಫ ಇವುಗಳ ಪರೀಕ್ಷೆ ಕಲಿಯುವುದು. ಮೂಗು ಮುರಿಯಬೇಡ. ನಮ್ಮ ಜುಗೂಳದವರು ಒಂದು ಹನಿ ರಕ್ತ ತೋರಿಸಬೇಕಾದರೂ ಮಿರಜಕ್ಕೆ ಹೋಗಬೇಕು. ನಾನು ಪಾಸಾದ ಮೇಲೆ ಕಾಗವಾಡದಲ್ಲಿ ಒಂದು ಸಣ್ಣ ಲ್ಯಾಬ್ ಹಾಕುತ್ತೇನೆ. ಬಾಗಿಲ ಮೇಲೆ ನನ್ನ ಹೆಸರು ಇರುತ್ತದೆ. ಇದನ್ನು ಅಪ್ಪನ ಮುಂದೆ ಈಗಲೇ ಓದಬೇಡ.

ಅಪ್ಪ ಹೋಗುವಾಗ ತುಳಸವ್ವನ ಎದುರಿಗೇ ಹೇಳಿದರು: "ಹೊತ್ತ ಮುಳುಗಿದ ಮ್ಯಾಲ ಬಾಯಾಗ ಒಂದ ಅಗಳ ಹೋಗಬಾರದು. ಹೋತಂತ ನನಗ ಗೊತ್ತಾದ ದಿವಸ ಗಂಟು ಕಟ್ಟಿಸಿ ಕರಕೊಂಡ ಹೋಗ್ತೀನಿ. ಅಲಖನೂರಿನವರಿಗೆ ನಾ ಇನ್ನಾ ಇಲ್ಲ ಅಂದಿಲ್ಲ." ಏಪ್ರಿಲ್‌ನಲ್ಲಿ ನನ್ನನ್ನು ನೋಡಿ ಹೋದ ಆ ಗಂಡಿನವರು ಇನ್ನೂ ಕಾದು ಕೂತಿದ್ದಾರೆಯೇ? ನಾನು ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ನನ್ನ ಪಾಲಿನದನ್ನು ತುಳಸವ್ವ ಐದೂವರೆಗೇ ಬಡಿಸುತ್ತಾಳೆ. ಚಿಂತೆ ಬೇಡ.

ನಿನ್ನ
ಜಿನಮತಿ


ಜುಗೂಳ
೧೨ ಜುಲೈ ೧೯೮೭

ಜಿನಮತಿಗೆ ಅತ್ತೆಯ ಆಶೀರ್ವಾದ.

ಏಳನೆಯ ತರಗತಿಯ ಮುಲ್ಕಿ ಪಾಸಾದವಳೆಂದು ಈ ಮನೆಯಲ್ಲಿ ನನಗೊಂದು ದೊಡ್ಡ ಹುದ್ದೆ ಸಿಕ್ಕಿದೆ, ನಿನ್ನ ಪತ್ರ ಓದಿ ಹೇಳುವುದು. ನಿನ್ನ ಅಪ್ಪನ ಕಣ್ಣು ಪೂರಾ ಮಂಜಾಗಿವೆ. ಚಿಕ್ಕೋಡಿಗೆ ಹೋಗಿ ಚಾಳೀಸು ಬದಲಿಸಿಕೊ ಅಂದರೆ, "ನೀ ಇದ್ದೀಯಲ್ಲ, ನನಗ್ಯಾಕ ಚಾಳೀಸು" ಅನ್ನುತ್ತಾನೆ. ಲ್ಯಾಬಿನ ಬಾಗಿಲು, ಹೆಸರು ಎಲ್ಲ ಬಿಟ್ಟು ಓದಿದೆ. ಊಟದ ಮಾತು ಬಂದಾಗ ಕಿವಿ ನಿಮಿರಿಸಿ ಕೇಳಿದ. ನಿನ್ನನ್ನು ಕಳಿಸಬೇಕೆಂದು ತಮ್ಮನ ಜೊತೆ ಮೂರು ತಿಂಗಳು ಜಗಳ ಆಡಿದವಳು ನಾನು. ನನ್ನ ಮುಖ ಉಳಿಸು.

ನಿನ್ನ ಅವ್ವ ಇದ್ದಿದ್ದರೆ ಅವನನ್ನು ಬಯ್ಯಲು ನನಗೊಬ್ಬ ಜೊತೆಗಾರ್ತಿ ಇರುತ್ತಿದ್ದಳು. ಈ ಮನುಷ್ಯ ನೀರು ಕುಡಿಯುವುದು ನೋಡಿದರೆ ನಮ್ಮ ಬಾವಿ ಬತ್ತೀತು. ಮೈ ಇಳಿದಿದೆ. ಇನ್ನೊಂದು ತಮಾಷೆ ಕೇಳು. ದನದ ಕೊಟ್ಟಿಗೆಯ ಹಿಂದೆ ಅವನು ಮೂತ್ರಕ್ಕೆ ಕೂತೆದ್ದ ಜಾಗಕ್ಕೆ ಇರುವೆಗಳ ದಂಡು ಬರುತ್ತದೆ. ಜೀವ ತುಳಿದೇನೆಂದು ಇವನು ದಿನಾ ಜಾಗ ಬದಲಿಸುತ್ತಾನೆ, ಅವೂ ಬೆನ್ನು ಹತ್ತುತ್ತವೆ. ನೆರೆಮನೆಯ ಸಕ್ಕುಬಾಯಿ, "ಕಬ್ಬ ಬೆಳ್ಯಾವನ ಮೈತುಂಬ ಬೆಲ್ಲಾ" ಅಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಿನ್ನ
ಅತ್ತೆ


ನಿಪ್ಪಾಣಿ
೨೩ ಆಗಸ್ಟ್ ೧೯೮೭

ಅತ್ತೆ,

ಇರುವೆಯ ಮಾತು ನಗುವಂಥದ್ದಲ್ಲ. ನಾನೂ ಮೊದಲು ನಕ್ಕಿದ್ದೆ, ಖೋಲಿಯ ಹುಡುಗಿಯರಿಗೂ ಹೇಳಿ ನಗಿಸಿದ್ದೆ. ನಿನ್ನೆ ನಮ್ಮ ಭೀಮಸಿ ಸರ್ ಸಕ್ಕರೆ ರೋಗದ ಪಾಠ ಮಾಡಿದರು. ಬಹಳ ನೀರಡಿಕೆ, ಇಳಿಯುವ ಮೈ, ಮಂಜಾಗುವ ಕಣ್ಣು, ಮೂತ್ರಕ್ಕೆ ಇರುವೆ. ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ. ಅವರು ಅಪ್ಪನನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದ ಹಾಗಿತ್ತು.

ಪರೀಕ್ಷೆ ಸುಲಭ. ಗಾಜಿನ ನಳಿಕೆಯಲ್ಲಿ ನೀಲಿ ದ್ರಾವಣ ಹಾಕಿ, ಎಂಟು ಹನಿ ಮೂತ್ರ ಬಿಟ್ಟು ಕುದಿಸುತ್ತೇವೆ. ಸಕ್ಕರೆ ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಬಹಳ ಇದ್ದರೆ ಇಟ್ಟಂಗಿಯ ಕೆಂಪು. ಹೇಗಾದರೂ ಮಾಡಿ ಅವರನ್ನು ಇಲ್ಲಿಗೆ ಕರೆದುಕೊಂಡು ಬಾ. ಮಗಳನ್ನು ನೋಡುವುದಕ್ಕೆ ಅನ್ನು, ಬರುತ್ತಾರೆ. ಸಂಜೆ ಏಳರವರೆಗೂ ನನಗೆ ಪ್ರಾಕ್ಟಿಕಲ್ ಇರುತ್ತದೆ, ಅದಕ್ಕೆ ಮುಂಜಾನೆಯ ಬಸ್ಸಿಗೆ ಬನ್ನಿ.

ಊಟದ ಬಗ್ಗೆ ಅಪ್ಪ ಕೇಳಿದರೆ, ಎಲ್ಲ ಅವರು ಹೇಳಿದಂತೆಯೇ ನಡೆದಿದೆ ಅನ್ನು.

ಜಿನಮತಿ


ನಿಪ್ಪಾಣಿ
೪ ಅಕ್ಟೋಬರ್ ೧೯೮೭

ಪ್ರೀತಿಯ ಅತ್ತೆ,

ನೀವಿಬ್ಬರೂ ಬಂದು ಹೋದ ಮೇಲೆ ಖೋಲಿ ಬಿಕೋ ಅನ್ನುತ್ತಿದೆ. ಆ ನಳಿಕೆ ಕೆಂಪಗಾದಾಗ ನಾನು ಅದನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿದೆ. ಅಪ್ಪ ಮಾತ್ರ, "ಬಣ್ಣ ಚಲೋ ಬಂತಲ್ಲ" ಅಂದರು.

ರಕ್ತದ ರಿಪೋರ್ಟ್ ನೋಡಿ ಡಾಕ್ಟರರು ನಿನ್ನೆ ಗುಳಿಗೆ ಬರೆದುಕೊಟ್ಟರು. ನಮ್ಮೂರ ಬೆಲ್ಲದ ಟೆಂಪೊ ತಂದ ಮಲಕಾರಿಯ ಕೈಯಲ್ಲಿ ಈ ಪತ್ರದ ಜೊತೆಗೇ ಕಳಿಸಿದ್ದೇನೆ. ಹೇಗೆ ಕೊಡಬೇಕೆಂದು ಸರಿಯಾಗಿ ಓದಿಕೊ. ಬೆಳಿಗ್ಗೆ ನಾಷ್ಟಾಕ್ಕೆ ಅರ್ಧ ತಾಸು ಮೊದಲು ಒಂದು ಗುಳಿಗೆ. ರಾತ್ರಿ ಊಟಕ್ಕೆ ಅರ್ಧ ತಾಸು ಮೊದಲು ಒಂದು ಗುಳಿಗೆ. ಒಂದು ದಿನವೂ ತಪ್ಪಬಾರದು. ಬೆಲ್ಲ, ಹೋಳಿಗೆ, ಕಬ್ಬಿನ ಹಾಲು ಬಂದ್. ಕದ್ದು ತಿಂದರೆ ನಳಿಕೆ ಹೇಳುತ್ತದೆ ಅಂತ ಅವರಿಗೆ ಹೆದರಿಕೆ ಹಾಕು.

ಪ್ರಾಕ್ಟಿಕಲ್ ಬಹಳ ಇವೆ. ದೀಪಾವಳಿಗೆ ಬರಲು ಆಗುವುದಿಲ್ಲ.

ಜಿನಮತಿ


ಜುಗೂಳ
೨೫ ಅಕ್ಟೋಬರ್ ೧೯೮೭

ಜಿನಮತಿ,

ಗುಳಿಗೆ ತಪ್ಪಿಲ್ಲ. ಮುಂಜಾನೆ ಬಸದಿಯಲ್ಲಿ ಅಭಿಷೇಕ ಮುಗಿಸಿ ಬಂದು ಒಂದು, ರಾತ್ರಿ ಒಂಬತ್ತಕ್ಕೆ ರೇಡಿಯೋ ಬಂದ್ ಮಾಡಿ ಒಂದು. ನನ್ನ ತಮ್ಮ ದೇವರ ನೇಮ ಹಿಡಿದಂತೆಯೇ ಗುಳಿಗೆಯ ನೇಮ ಹಿಡಿದಿದ್ದಾನೆ. ನೀರಡಿಕೆ ಕಡಿಮೆಯಾಗಿದೆ. ಇರುವೆಗಳು ಬೇರೆ ಮನೆ ನೋಡಿಕೊಂಡವು.

ನಿನ್ನ ಪತ್ರವನ್ನು ನಾನು ಎರಡು ಸಲ ಓದಿದೆ. ಒಂದು ಸಲ ನನಗೆ, ಒಂದು ಸಲ ಅವನಿಗೆ. ದೀಪಾವಳಿಗೆ ಯಾಕೆ ಬರಲಿಲ್ಲವೆಂದು ನಾನು ಕೇಳುವುದಿಲ್ಲ. ಮೈಗೆ ಹಿತವಾಗಿ ಇರು, ಅಷ್ಟು ಸಾಕು.

ನಿನ್ನ ನಳಿಕೆಗೆಂದು ಮಲಕಾರಿಯ ಕೈಯಲ್ಲಿ ಅಪ್ಪನ ಮುಂಜಾನೆಯ ಮೂತ್ರದ ಬಾಟಲಿ ಕಳಿಸುತ್ತಿದ್ದೇನೆ. ಬೆಲ್ಲದ ಪೆಂಟೆಗಳ ನಡುವೆ ಇದನ್ನು ಇಟ್ಟುಕೊಳ್ಳಲು ಅವನು ಬಹಳ ಬೇಡಿಸಿಕೊಂಡ.

ಅತ್ತೆ


ನಿಪ್ಪಾಣಿ
೧೫ ನವೆಂಬರ್ ೧೯೮೭

ಅತ್ತೆ, ನೀಲಿ!

ಎರಡನೇ ಬಾಟಲಿಯೂ ನೀಲಿ. ಮೊದಲನೆಯದು ಬಂದಾಗ ದ್ರಾವಣ ಕೆಟ್ಟಿರಬೇಕೆಂದು ಹೊಸ ದ್ರಾವಣದಲ್ಲಿ ಮತ್ತೊಮ್ಮೆ ಮಾಡಿದ್ದೆ. ಒಂದಿಷ್ಟೂ ಹಸಿರಿಲ್ಲ. ಭೀಮಸಿ ಸರ್ ಕ್ಲಾಸಿನ ಎದುರು, "ಮನೀ ಮಂದಿ ರೋಗ ಪತ್ತೆ ಹಚ್ಚಿದಾಕಿ ಇಕಿ" ಅಂದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಗುಳಿಗೆ ಹಾಗೆಯೇ ನಡೆಸು, ಏನೂ ಬದಲಿಸಬೇಡ.

ಈಗಲಾದರೂ ಅಪ್ಪನಿಗೆ ಕಾಗವಾಡದ ಲ್ಯಾಬಿನ ಮಾತು ಓದಿ ಹೇಳು.

ಜಿನಮತಿ


ಜುಗೂಳ
೬ ಡಿಸೆಂಬರ್ ೧೯೮೭

ಜಿನಮತಿ,

ಎಲ್ಲರೂ ಆರಾಮ. ಗಾಣ ಶುರುವಾಗಿದೆ, ಕೈ ಬಿಡುವಿಲ್ಲ. ನಿನ್ನ ಅಪ್ಪ ಈಗ ಬಸದಿಗೆ ಹೋಗುವುದು ಕಡಿಮೆ, ಚಳಿ ಬಹಳ.

ಒಂದು ಮಾತು ಕೇಳಬೇಕಿತ್ತು. ನಮ್ಮ ಸಕ್ಕುಬಾಯಿಯ ಗಂಡನಿಗೂ ಸಕ್ಕರೆ ರೋಗವಂತೆ. ಮುಂಜಾನೆ ಎದ್ದ ಕೂಡಲೇ ಈ ಚಳಿಯಲ್ಲೂ ಅವನು ಬೆವರುತ್ತಾನೆ, ಕೈ ನಡುಗುತ್ತದೆ. ನಾಲಿಗೆ ತೊದಲುತ್ತದೆ. ಎಂದೂ ಯಾರಿಗೂ ಒಂದು ಮಾತು ಅನ್ನದವನು ಸಿಟ್ಟಿಗೆದ್ದು ಬಾಯಿಗೆ ಬಂದಂತೆ ಬಯ್ಯುತ್ತಾನೆ. ನಾಷ್ಟಾ ಮಾಡಿದ ಮೇಲೆ ಸರಿಯಾಗುತ್ತಾನೆ, ಏನೂ ನೆನಪಿರುವುದಿಲ್ಲ. ಇದು ರೋಗದ್ದೋ, ಬೇರೆಯದೋ? ಅವಳು ಕೇಳೆಂದಳು, ಅದಕ್ಕೆ ಬರೆದೆ.

ಅತ್ತೆ


ನಿಪ್ಪಾಣಿ
೧೪ ಡಿಸೆಂಬರ್ ೧೯೮೭

ಅತ್ತೆ,

ಸಕ್ಕರೆ ಹೆಚ್ಚಾದರೆ ಹಾಗೆಲ್ಲ ಆಗುವುದಿಲ್ಲ, ಪುಸ್ತಕ ತೆಗೆದು ನೋಡಿದೆ. ಸಕ್ಕುಬಾಯಿಗೆ ಬೇಜಾರಾಗದಂತೆ ಹೇಳು. ಬೆಳ್ಳಂಬೆಳಗ್ಗೆ ಬೆವರು, ತೊದಲು, ಕೈ ನಡುಕ, ಬಯ್ಗುಳ, ಆಮೇಲೆ ನೆನಪಿಲ್ಲ ಅಂದರೆ ಆ ಮನುಷ್ಯ ಕುಡಿಯುತ್ತಿರಬೇಕು. ಇಲ್ಲಿ ದವಾಖಾನೆಗೆ ಅಂಥವರು ದಿನಾ ಬರುತ್ತಾರೆ. ಹೆಂಡತಿಯರು ಹೀಗೆಯೇ ರೋಗದ ಹೆಸರು ಹೇಳಿ ಮುಚ್ಚುತ್ತಾರೆ. ಕದ್ದು ಕುಡಿಯುತ್ತಾನೇನೋ, ಕಣ್ಣಿಡಲಿ.

ಅಪ್ಪನ ಬಾಟಲಿ ಈ ತಿಂಗಳು ಬರಲಿಲ್ಲ. ಆದರೂ ನನಗೆ ಚಿಂತೆಯಿಲ್ಲ, ನೀಲಿಯೇ ಇರುತ್ತದೆ.

ಜಿನಮತಿ


ಜುಗೂಳ
೩ ಜನವರಿ ೧೯೮೮

ಜಿನಮತಿ,

ಸಕ್ಕುಬಾಯಿಯ ಗಂಡನಿಗೆ ಏನೂ ಆಗಿಲ್ಲ. ನಾನು ಬರೆದದ್ದು ನಿನ್ನ ಅಪ್ಪನ ವಿಷಯ.

ನವೆಂಬರ್ ಕೊನೆಗೆ ಒಂದು ಮುಂಜಾನೆ ಬಸದಿಯಲ್ಲಿ ಅಭಿಷೇಕ ಮಾಡುವಾಗ ಅವನ ಕೈಯಿಂದ ಕಲಶ ಬಿತ್ತು. ಎತ್ತಿಕೊಡಲು ಬಂದ ಪಂಡಿತರಿಗೆ ಬಾರದ ಮಾತು ಅಂದ. ಬರುವಾಗ ದಾರಿಯಲ್ಲಿ ಗೋಡೆ ಹಿಡಿದು ನಡೆದ. ಮತ್ತೆ ನಾಲ್ಕು ದಿನಕ್ಕೆ ಅದೇ. ಮೂರನೇ ಸಲಕ್ಕೆ ಊರೇ ಅಂದಿತು, "ಭೂಪಾಲಣ್ಣ ಮುಂಜಾನೆನೇ ಏರಿಸಿ ಬಸದಿಗೆ ಬರಾಕತ್ತಾನ." ಅಭಿಷೇಕದ ಪಾಳಿಯನ್ನು ಬೇರೆಯವರಿಗೆ ಕೊಟ್ಟರು. ಇವನಿಗೆ ನೆನಪಿಲ್ಲ. ಮಂದಿ ಹೇಳಿದ್ದು ಕೇಳಿ ಅಡುಗೆಮನೆಯಲ್ಲಿ ಕೂತು ಅತ್ತ. ನಿನ್ನ ಪತ್ರ ಬಂದಾಗ "ಕುಡಿಯುತ್ತಿರಬೇಕು" ಎಂಬುದನ್ನು ಓದಿ ನನ್ನ ಎದೆ ಒಡೆಯಿತು. ಮರುದಿನ ಮುಂಜಾನೆ, ಅಕ್ಕ ಆದವಳು, ತಮ್ಮನ ಬಾಯಿ ಮೂಸಿ ನೋಡಿದೆ. ಅವನು ಸುಮ್ಮನೆ ಬಾಯಿ ತೆರೆದ. ಆ ಪಾಪ ನನ್ನನ್ನು ಬಿಡುವುದಿಲ್ಲ.

ಗುರುವಾರ ಅವನು ಏಳಲಿಲ್ಲ. ಅಲುಗಾಡಿಸಿದರೂ ಇಲ್ಲ, ನೀರು ಚಿಮುಕಿಸಿದರೂ ಇಲ್ಲ. ಮಲಕಾರಿ ಟೆಂಪೊ ಓಡಿಸಿಕೊಂಡು ಹೋಗಿ ಕಾಗವಾಡದಿಂದ ಡಾಕ್ಟರರನ್ನು ತಂದ. ಅವರು ನರಕ್ಕೆ ಸಕ್ಕರೆಯ ಇಂಜೆಕ್ಷನ್ ಕೊಟ್ಟರು. ಸೂಜಿ ತೆಗೆಯುವುದರೊಳಗೆ ಇವನು ಕಣ್ಣು ಬಿಟ್ಟು, "ಯಾಕ ಎಲ್ಲಾರೂ ನಿಂತೀರಿ?" ಅಂದ.

"ಇವರಿಗೆ ಸಕ್ಕರಿ ಹೆಚ್ಚಾಗಿದ್ದಲ್ಲ, ಪೂರಾ ಇಳದ ಹೋಗಿತ್ತು. ಇನ್ನೊಂದ ತಾಸ ಆಗಿದ್ರ ಮನಷ್ಯಾ ದಕ್ಕತಿರಲಿಲ್ಲ. ಗುಳಿಗಿ ಯಾವಾಗ ಕೊಡ್ತೀರಿ?" ಅಂತ ಡಾಕ್ಟರರು ಕೇಳಿದರು.

"ರಾತ್ರಿ ಒಂಬತ್ತಕ್ಕ್ರಿ."

"ಊಟಾ?"

"ಹೊತ್ತ ಮುಳುಗೂ ಮೊದಲ್ರಿ. ನಾವು ಜೈನರ್ರಿ. ಆಮ್ಯಾಲ ಮುಂಜಾನೆ ಬಸದಿಗೆ ಹೋಗಿ ಬರೂ ತನಕ ಗುಳಿಗಿಗೊಂದ ಗುಟುಕ ಬಿಟ್ಟರ ನೀರೂ ಇಲ್ರಿ."

"ಖಾಲಿ ಹೊಟ್ಟಿಗೆ ಈ ಗುಳಿಗಿ ಕೊಡಂತ ಯಾರ ಹೇಳಿದ್ರಬೇ ನಿಮಗ?"

ನಿನ್ನ ಪತ್ರವನ್ನು ಗುಳಿಗೆಯ ಡಬ್ಬಿಯಲ್ಲಿಯೇ ಇಟ್ಟಿದ್ದೆ, ಕೊಟ್ಟೆ. ಅವರು ಗಟ್ಟಿಯಾಗಿ ಓದಿದರು. "ರಾತ್ರಿ ಊಟಕ್ಕೆ ಅರ್ಧ ತಾಸು ಮೊದಲು." ನಿನ್ನ ಅಪ್ಪ ಹೊರಸಿನ ಮೇಲೆ ಮಲಗಿ ಕೇಳುತ್ತಿದ್ದ.

ಜಿನಮತಿ, ಅಕ್ಟೋಬರಿನಲ್ಲಿ ಆ ಸಾಲು ಮೊದಲು ಓದಿದಾಗಲೇ ನನಗೆ ತಿಳಿದಿತ್ತು. ನಮ್ಮ ಮನೆಯಲ್ಲಿ ಹುಟ್ಟಿದ ಹುಡುಗಿ ಹೊತ್ತಿನ ಊಟ ಅಂತಾಳೆ, ಸಂಜೆಯ ಊಟ ಅಂತಾಳೆ. ರಾತ್ರಿ ಊಟ ಅನ್ನಬೇಕಾದರೆ ಅವಳು ರಾತ್ರಿ ಉಣ್ಣುತ್ತಿರಬೇಕು. ಅವನ ಕಿವಿಗೆ ಇದು ಬಿದ್ದರೆ ಮರುದಿನವೇ ನಿಪ್ಪಾಣಿಯ ಬಸ್ಸು ಹತ್ತುತ್ತಾನೆ, ನಿನ್ನ ಕೋರ್ಸು ಮುಗಿದಂತೆಯೇ. ಅದಕ್ಕೆ ನಾನು ಊಟದ ಮಾತನ್ನು ನುಂಗಿ "ರಾತ್ರಿ ಒಂದು ಗುಳಿಗೆ" ಅಂತಷ್ಟೇ ಓದಿದೆ. ಅವನು ಗಡಿಯಾರ ನೋಡಿ ಒಂಬತ್ತು ಅಂತ ಗೊತ್ತುಮಾಡಿಕೊಂಡ. ನಾಲ್ಕು ಶಬ್ದ ಬಿಟ್ಟರೆ ಜೀವಕ್ಕೆ ಬಂದೀತು ಅಂತ ನನಗೇನು ಗೊತ್ತು?

ಡಾಕ್ಟರರು ಹೋದ ಮೇಲೆ ಅವನು ಕೇಳಿದ್ದು ಒಂದೇ: "ರಾಜಕ್ಕ, ಅದನ್ನ ನನಗ ಯಾಕ ಓದಿ ಹೇಳಲಿಲ್ಲ?" ಆಮೇಲೆ ಗೋಡೆಯ ಕಡೆ ಹೊರಳಿದ. ಅಲಖನೂರಿನವರು ಹದಿನೇಳರ ರವಿವಾರ ಬರುತ್ತೇವೆಂದು ಹೇಳಿ ಕಳಿಸಿದ್ದಾರೆ. ಅವನು ಬರಬೇಡಿ ಅಂದಿಲ್ಲ.

ಅತ್ತೆ


ನಿಪ್ಪಾಣಿ
೭ ಜನವರಿ ೧೯೮೮

ಅಪ್ಪನ ಪಾದಗಳಿಗೆ ಜಿನಮತಿಯ ನಮಸ್ಕಾರ.

ಅತ್ತೆ, ಇದನ್ನು ಒಂದು ಶಬ್ದವೂ ಬಿಡದೆ ಓದು.

ಅಪ್ಪಾ, ಡಾಕ್ಟರರು ನನಗೆ ಹೇಳಿದ್ದು ಎರಡು ಹೊತ್ತು ಊಟಕ್ಕೆ ಮೊದಲು ಅಂತ. ರಾತ್ರಿ ಎಂಬುದನ್ನು ಸೇರಿಸಿದವಳು ನಾನು. ನಿಮ್ಮ ಮಗಳಾಗಿ ಹತ್ತೊಂಬತ್ತು ವರ್ಷ ಹೊತ್ತು ಮುಳುಗುವ ಮೊದಲು ಉಂಡವಳಿಗೆ ಅದನ್ನು ಬರೆಯುವಾಗ ಮನೆಯ ಗಡಿಯಾರ ನೆನಪಾಗಲಿಲ್ಲ, ತುಳಸವ್ವನ ಮನೆಯದೇ ನೆನಪಾಯಿತು.

ಆಗಸ್ಟಿನಿಂದ ಪ್ರಾಕ್ಟಿಕಲ್ ಏಳಕ್ಕೆ ಬಿಡತೊಡಗಿತು. ಮೊದಲು ಕೆಲವು ದಿನ ಹಾಗೆಯೇ ಮಲಗಿದೆ. ಒಂದು ದಿನ ರಕ್ತ ತೆಗೆಯುವಾಗ ಕಣ್ಣು ಕತ್ತಲೆಯಾಗಿ ರೋಗಿಯ ತೋಳಿನಲ್ಲಿ ಸೂಜಿ ಬಿಟ್ಟು ಕುಸಿದೆ. ಆ ದಿನ ತುಳಸವ್ವ, "ನಿಮ್ಮಪ್ಪಗ ನಾ ಹೇಳಂಗಿಲ್ಲ, ಉಣ್ಣ ಮಗಳ" ಎಂದು ರೊಟ್ಟಿ ಇಟ್ಟಳು. ಉಂಡೆ. ಅವತ್ತು ಅರ್ಧ ರೊಟ್ಟಿ ಹಾಗೆಯೇ ಬಿಟ್ಟೆ, ಎಂಟು ದಿನಕ್ಕೆ ಪೂರಾ ಉಣ್ಣುವ ರೂಢಿಯಾಯಿತು. ನಿಮಗೆ ಸುಳ್ಳು ಬರೆದೆ. ದೀಪಾವಳಿಗೆ ಮುಖ ತೋರಿಸಲು ಆಗದೆ ಬರಲಿಲ್ಲ. ಬಂದಿದ್ದರೆ ನೀವು ಒಂಬತ್ತಕ್ಕೆ ಗುಳಿಗೆ ನುಂಗುವುದನ್ನು ನೋಡುತ್ತಿದ್ದೆ. ಅತ್ತೆ ರಾತ್ರಿ ಒಂಬತ್ತಕ್ಕೆ ಎಂದು ಬರೆದಾಗಲೂ, ರಾತ್ರಿ ಉಣ್ಣುವ ನನಗೆ ಅದು ತಪ್ಪೆಂದು ಹೊಳೆಯಲಿಲ್ಲ.

ನೀಲಿ ಬಣ್ಣ ನೋಡಿ ನಾನು ಕುಣಿದೆ. ಆ ಪರೀಕ್ಷೆ ಸಕ್ಕರೆ ಹೆಚ್ಚಾದದ್ದನ್ನು ಮಾತ್ರ ಹೇಳುತ್ತದೆ, ಇಳಿದುಹೋದದ್ದನ್ನು ಹೇಳುವುದಿಲ್ಲ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ. ಆದರೂ ನಿಮ್ಮನ್ನು ಕುಡುಕ ಅಂದೆ. ಅಪ್ಪಾ, ನನಗೆ ಬಹಳ ದುಃಖವಾಗಿದೆ. ಅದಕ್ಕಿಂತ ಹೆಚ್ಚು ಹೆದರಿಕೆಯಾಗಿದೆ.

ನೀವು ಬಂದು ಕರೆದರೆ ಗಂಟು ಕಟ್ಟುತ್ತೇನೆ, ಮಾತು ಕೊಟ್ಟದ್ದು ನಾನು. ಆದರೆ ನನ್ನನ್ನು ಕೇಳಿದರೆ, ನನಗೆ ಈ ಕೆಲಸ ಬೇಕು. ಮೊದಲಿಗಿಂತ ಈಗ ಹೆಚ್ಚು ಬೇಕು. ಕೋರ್ಸು ಮುಗಿಸಲು ಬಿಡಿ ಎಂದು ಬೇಡಿಕೊಳ್ಳುತ್ತೇನೆ.

ಹೊತ್ತು ಮುಳುಗುವ ಮೊದಲು ಉಣ್ಣುತ್ತೇನೆ ಎಂದು ಮತ್ತೆ ಮಾತು ಕೊಡಲಾರೆ. ಏಳಕ್ಕೆ ಬಿಟ್ಟರೆ ಎಂಟೂವರೆಗೆ ಉಣ್ಣುತ್ತೇನೆ. ಸುಳ್ಳು ಮಾತ್ರ ಇನ್ನು ಬರೆಯುವುದಿಲ್ಲ.

ನಿಮ್ಮ ಮಗಳು
ಜಿನಮತಿ


ಜುಗೂಳ
೨೪ ಜನವರಿ ೧೯೮೮

ಜಿನಮತಿ,

ನಿನ್ನ ಪತ್ರ ಓದುವುದರೊಳಗೆ ನನ್ನ ಜೀವ ಹೋಗಿ ಬಂತು. ಸಾಲು ಸಾಲಿಗೂ ನಿಲ್ಲಿಸುತ್ತಾನೆ: "ಅಲ್ಲಿ ಏನ ಬಿಟ್ಟಿ? ಹೊಳ್ಳಿ ಓದು." ನಲವತ್ತು ವರ್ಷದ ಹಿಂದೆ ಮುಲ್ಕಿ ಪರೀಕ್ಷೆಗೂ ನಾನು ಇಷ್ಟು ಬೆವರಿರಲಿಲ್ಲ. ಎಲ್ಲ ಕೇಳಿ ಎದ್ದು ಹೊಲಕ್ಕೆ ಹೋದ.

ಈಗ ಗುಳಿಗೆ ಐದಕ್ಕೆ, ಊಟ ಐದೂವರೆಗೆ. ಡಾಕ್ಟರರು ಸಂಜೆಯದನ್ನು ಅರ್ಧ ಮಾಡಿದ್ದಾರೆ. ಬೆವರು ನಿಂತಿದೆ.

ರವಿವಾರ ಅಲಖನೂರಿನವರು ಬಂದರು. ನಾನು ಉಪ್ಪಿಟ್ಟು ತಿರುವುತ್ತ ಕಿವಿಯನ್ನೆಲ್ಲ ಪಡಸಾಲೆಯಲ್ಲಿ ಇಟ್ಟಿದ್ದೆ. "ಹುಡುಗಿ ಕಲ್ಯಾಕತ್ತಾಳ್ರಿ. ಇನ್ನಾ ಒಂದೂವರಿ ವರ್ಷ ಐತಿ. ನೀವು ಕಾಯಬ್ಯಾಡ್ರಿ" ಅಂದ. ಅಷ್ಟೇ. ಉಪ್ಪಿಟ್ಟು ತಳ ಹತ್ತಿತು.

ಮರುದಿನ ಬಸದಿಗೆ ಹೋದ. ನಾನೂ ಹಿಂದೆ ಹೋದೆ. ಪಂಡಿತರ ಮುಂದೆ, ಎಲ್ಲರೂ ಇದ್ದಾಗ, "ನಾ ಕುಡದಿರಲಿಲ್ಲ. ಸಕ್ಕರಿ ಗುಳಿಗಿ ತಪ್ಪ ಹೊತ್ತಿಗೆ ತಗೊಂಡಿದ್ದೆ, ತಲಿ ಕೆಟ್ಟಿತ್ತು" ಅಂದ. ಒಬ್ಬರು ಬಿಡದೆ ಕೇಳಿದರು, "ಮಗಳು ಅದನ್ನ ಕಲಿತಾಳಲ್ಲೋ, ಆಕಿ ಏನಂತ ಬರದಿದ್ಲು?" ಎಂದೂ ಸುಳ್ಳು ಆಡದ ಮನುಷ್ಯ, ದೇವರ ಎದುರಿಗೆ ನಿಂತಿದ್ದ. "ಆಕಿ ಊಟಕ್ಕ ಅರ್ಧ ತಾಸ ಮೊದಲ ಅಂತ ಸರಿಯಾಗೇ ಬರದಿದ್ಲು. ತಪ್ಪ ನಮ್ಮದು" ಅಂದ.

ರಾತ್ರಿ ಎಂಬುದನ್ನು ಅವನೂ ಬಿಟ್ಟ, ಜಿನಮತಿ. ಬರುವಾಗ ದಾರಿಯುದ್ದಕ್ಕೂ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮುಂದಿನ ಅಷ್ಟಮಿಯಿಂದ ಅಭಿಷೇಕದ ಪಾಳಿ ಮತ್ತೆ ಅವನಿಗೆ ಬಂದಿದೆ.

ಸಿಟ್ಟು ಇಳಿದಿದೆ ಅಂದುಕೊಳ್ಳಬೇಡ. ನಿನ್ನ ಹೆಸರು ತೆಗೆದರೆ ಇನ್ನೂ ಎದ್ದು ಹೋಗುತ್ತಾನೆ. ಆದರೆ ನಿನ್ನೆ ಯಾರಿಗೂ ಹೇಳದೆ ಚಿಕ್ಕೋಡಿಗೆ ಹೋಗಿ ಹೊಸ ಚಾಳೀಸು ಹಾಕಿಕೊಂಡು ಬಂದ. ಬಂದವನೇ ನಿನ್ನ ಪತ್ರಗಳನ್ನೆಲ್ಲ ಕೇಳಿ ತಗೊಂಡು, ಪಡಸಾಲೆಯಲ್ಲಿ ಕೂತು ಜೂನಿನಿಂದ ಓದಿದ. ಲ್ಯಾಬಿನ ಬಾಗಿಲು, ಅದರ ಮೇಲಿನ ಹೆಸರು, ಎಲ್ಲ ಅವನಿಗೆ ಈಗ ಗೊತ್ತಾಗಿದೆ. ನನ್ನ ಹುದ್ದೆ ಹೋಯಿತು.

ಕೆಳಗೆ ಜಾಗ ಬಿಡು ಅಂದಿದ್ದಾನೆ. ಬಿಟ್ಟಿದ್ದೇನೆ.

ಅತ್ತೆ

ಜಿನಮತಿ. ಅಕ್ಷರ ಸೊಟ್ಟ ಬಂದಾವು. ಹಸಕೊಂಡು ಸೂಜಿ ಹಿಡಿಯಬ್ಯಾಡ. ಉಣ್ಣು. ಎಷ್ಟು ಗಂಟೆಗೆ ಉಂಡಿ ಅಂತ ಬರಿ. ನಾನೇ ಓದತೀನಿ.
ಅಪ್ಪ